ಮರಳು ನೆಲದ ಮೆಕ್ಕೆಜೋಳ: ಗುಂಡಿ ತೋಡಿ ನೋಡಿದ ಮೇಲೆ

ಚಳ್ಳಕೆರೆ ತಾಲ್ಲೂಕಿನಲ್ಲಿ, ವೇದಾವತಿ ದಂಡೆ ಹತ್ತಿರ ನಮ್ಮದು ಎರಡು ಎಕರೆ. ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ, ಅಷ್ಟು ಮರಳು. ಮಳೆಗಾಲಕ್ಕೆ ಶೇಂಗಾ. ಅದು ಕಿತ್ತ ಮೇಲೆ ನವೆಂಬರ್ ಕೊನೆಗೆ ಬೋರ್ ನಂಬಿಕೊಂಡು ಮೆಕ್ಕೆಜೋಳ.

ಮೊದಲ ವರ್ಷ ಸಾಲಿಗೆ ನೀರು ಹಾಯಿಸಿದೆ. ನಮ್ಮ ಬೋರಿನಲ್ಲಿ 200 ಲೀಟರ್ ಡ್ರಮ್ಮು ಒಂದೂವರೆ ನಿಮಿಷಕ್ಕೆ ತುಂಬುತ್ತದೆ, ಅಂದರೆ ಗಂಟೆಗೆ 8,000 ಲೀಟರ್. ಒಂದು ಎಕರೆ ನೆನೆಯಲು 25 ಗಂಟೆ ಬೇಕಿತ್ತು. ಕರೆಂಟ್ ಇರೋದು ದಿನಕ್ಕೆ ಏಳು ಗಂಟೆ. ಎರಡೆಕರೆ ಒಂದು ಸುತ್ತು ಮುಗಿಯಲು ಒಂದು ವಾರ! ಅಷ್ಟರಲ್ಲಿ ಮೊದಲು ಹಾಯಿಸಿದ ಕಡೆ ಎಲೆಗಳು ಬೆಳಿಗ್ಗೆ ಒಂಬತ್ತಕ್ಕೇ ಸುರುಳಿ ಸುತ್ತಿರುತ್ತಿದ್ದವು. ಮಧ್ಯಾಹ್ನದ ಬಿಸಿಲಿಗೆ ಸುತ್ತಿದರೆ ಚಿಂತೆ ಬೇಡ. ಬೆಳಿಗ್ಗೆಯೇ ಸುತ್ತಿದರೆ ಬೇರಿನ ಹತ್ತಿರ ನೀರಿಲ್ಲ ಅಂತ ತಿಳಿಯಿರಿ.

ಇಷ್ಟು ನೀರು ಎಲ್ಲಿ ಹೋಗುತ್ತಿದೆ? ನೀರು ಬಿಟ್ಟ ಮಾರನೇ ದಿನ ಗುಂಡಿ ತೋಡಿದೆ. ಬೇರು ದಟ್ಟವಾಗಿದ್ದದ್ದು ಒಂದೂವರೆ ಅಡಿ ತನಕ. ಹಸಿ ಮಾತ್ರ ಮೂರು ಅಡಿ ದಾಟಿತ್ತು. ಮರಳು ನೆಲ ಒಂದು ಮೀಟರ್ ಆಳಕ್ಕೆ ಹಿಡಿದಿಡುವುದು ಹೆಚ್ಚು ಕಡಿಮೆ 80 ಮಿಲಿಮೀಟರ್ ನೀರು. ಎರೆ ನೆಲ ಇದರ ಎರಡರಷ್ಟು ಹಿಡಿಯುತ್ತದೆ. ನಮ್ಮ ಒಂದೂವರೆ ಅಡಿಗೆ ಸಿಗೋದು 36. ಅದರಲ್ಲಿ ಬೆಳೆ ಕಷ್ಟವಿಲ್ಲದೆ ಹೀರೋದು ಅರ್ಧ, 18. ದಿನಕ್ಕೆ ನಾಲ್ಕೈದು ಮಿಲಿಮೀಟರ್ ಕುಡಿಯುವ ಬೆಳೆಗೆ ಅದು ನಾಲ್ಕೇ ದಿನ. ನಾನು ಆ 25 ಗಂಟೆಯಲ್ಲಿ ಒಮ್ಮೆಗೇ 50 ಮಿಲಿಮೀಟರ್ ಸುರಿಯುತ್ತಿದ್ದೆ. ಜಾಸ್ತಿ ಆದದ್ದು ಯೂರಿಯಾವನ್ನೂ ಕರಗಿಸಿಕೊಂಡು ಪಾತಾಳಕ್ಕೆ. ಕೆಳಗಿನ ಎಲೆಗಳು ತುದಿಯಿಂದ ನಡುನರದ ಉದ್ದಕ್ಕೂ ಹಳದಿ ಆಗುತ್ತಿದ್ದದ್ದು ಇದಕ್ಕೇ ಅಲ್ವಾ ಅಂತ ಗುಂಡಿಯಲ್ಲಿ ನಿಂತಾಗ ಹೊಳೆಯಿತು. ಹೊಟ್ಟೆ ಉರಿಯಿತು.

ಮರುವರ್ಷ ಡ್ರಿಪ್ ಹಾಕಿದೆ. ಜೋಡಿ ಸಾಲಿಗೆ ಒಂದು ಪೈಪು, ಪೈಪಿನಿಂದ ಪೈಪಿಗೆ ನಾಲ್ಕು ಅಡಿ, ಅರ್ಧ ಎಕರೆಗೊಂದು ವಾಲ್ವ್. ಒಂದು ಗಂಟೆ ಬಿಟ್ಟರೆ 4 ಮಿಲಿಮೀಟರ್. ನಾಲ್ಕು ಗಂಟೆಗೆ ಎರಡೂ ಎಕರೆ ಮುಗಿಯುತ್ತದೆ. ಮೊಣಕಾಲೆತ್ತರ ಬರುವ ತನಕ ದಿನ ಬಿಟ್ಟು ದಿನ ಮುಕ್ಕಾಲು ಗಂಟೆ, ಆಮೇಲೆ ದಿನವೂ ಒಂದು ಗಂಟೆ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಹೊರಟ ಮೇಲೆ ಒಂದೂಕಾಲು. ಯೂರಿಯಾವನ್ನು ಆರು ಕಂತು ಮಾಡಿ ಡ್ರಿಪ್‌ನಲ್ಲೇ ಬಿಟ್ಟೆ.

ಸೂಲಂಗಿ, ತೆನೆಯ ಕೂದಲು ಬರುವ ಹೊತ್ತಿನಲ್ಲಿ ಮಾತ್ರ ನೀರು ತಪ್ಪಿಸಲೇಬೇಡಿ. ನಮ್ಮ ಒಂದು ವಾಲ್ವ್ ಆಗಲೇ ಕೆಟ್ಟು ಐದು ದಿನ ನೀರಿಲ್ಲದೆ ಹೋಯಿತು. ಆ ಅರ್ಧ ಎಕರೆಯ ತೆನೆಗಳಲ್ಲಿ ಅಲ್ಲಲ್ಲಿ ಕಾಳೇ ಕಟ್ಟಲಿಲ್ಲ, ತುದಿಯಂತೂ ಬೋಳು. ಆಮೇಲೆ ಎಷ್ಟು ನೀರು ಕೊಟ್ಟರೂ ಅದು ತುಂಬಲಿಲ್ಲ.

ಹಾಯಿಸಿದ ವರ್ಷ ಎಕರೆಗೆ 22 ಲಕ್ಷ ಲೀಟರ್ ಹೋಗಿ 14 ಕ್ವಿಂಟಲ್ ಬಂದಿತ್ತು. ಡ್ರಿಪ್ ವರ್ಷ ಹದಿನಾಲ್ಕೂವರೆ ಲಕ್ಷ ಲೀಟರಿಗೆ 22 ಕ್ವಿಂಟಲ್. ಸಾವಿರ ಲೀಟರಿಗೆ ಮುಕ್ಕಾಲು ಕೆಜಿಯೂ ಸಿಗದ ಕಡೆ ಒಂದೂವರೆ ಕೆಜಿ ಸಿಕ್ಕಿತು. ಈಗ ಅರ್ಧ ಎಕರೆಗೆ ಕೆರೆ ಗೋಡು, ಅಂದರೆ ಕೆರೆಯ ಹೂಳು ಮಣ್ಣು ಹೊಡೆಸಿದ್ದೇನೆ, ಅಲ್ಲಿ ಹಸಿ ಎಷ್ಟು ದಿನ ನಿಲ್ಲುತ್ತದೆ ನೋಡಬೇಕು.

ಬೆಳೆಯ ಕೊನೆಯಲ್ಲೂ ನೀರು ಉಳಿಸಬಹುದು. ತೆನೆಯ ನಡುವಿನಿಂದ ಒಂದು ಕಾಳು ಬಿಡಿಸಿ, ಬುಡದ ತುದಿ ಉಗುರಿನಲ್ಲಿ ಕೆರೆಯಿರಿ. ಕಪ್ಪು ಪದರ ಕಂಡರೆ ಕಾಳು ಬಲಿತಿದೆ. ಅವತ್ತೇ ವಾಲ್ವ್ ಮುಚ್ಚಿ.