ಕಳ್ಳಸಾಗಣೆಯಿಂದ ಪಾರಾದ ಹುಡುಗಿಯರ ತಪಾಸಣೆಯಲ್ಲಿ ಮಾದಕ ವಸ್ತುವಿನ ಪ್ರಶ್ನೆ

ಮಾನವ ಕಳ್ಳಸಾಗಣೆಯ ಜಾಲದಿಂದ ಬಿಡಿಸಿದ ಹುಡುಗಿಯರನ್ನು ಪೊಲೀಸರು ನಾನಿರುವ ಜಿಲ್ಲಾ ಆಸ್ಪತ್ರೆಗೆ ಕರೆತರುವಾಗ, ಅವರ ಕೋರಿಕೆ ಪತ್ರದಲ್ಲಿ ಗಾಯ, ಗರ್ಭ, ವಯಸ್ಸು, ಲೈಂಗಿಕ ದೌರ್ಜನ್ಯದ ಕುರುಹು ಇವುಗಳ ಬಗ್ಗೆ ಕೇಳಿರುತ್ತಾರೆಯೇ ಹೊರತು, ಆಕೆಗೆ ಏನು ಕುಡಿಸುತ್ತಿದ್ದರು, ಯಾವ ಮಾತ್ರೆ ನುಂಗಿಸುತ್ತಿದ್ದರು ಎಂದು ಕೇಳಿರುವುದಿಲ್ಲ. ಆ ಪ್ರಶ್ನೆಯನ್ನು ನಾನೇ ತಪಾಸಣೆಯೊಳಗೆ ಸೇರಿಸಿಕೊಂಡೆ.

ಮೊದಲು ಊಟ, ನೀರು. ಆಮೇಲೆ ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸುವುದು. 'ಅಕ್ಕ', 'ಚಿಕ್ಕಮ್ಮ' ಎಂದು ಹೇಳಿಕೊಂಡು ಬಂದವರೇ ಆಕೆಯನ್ನು ಹಿಡಿತದಲ್ಲಿ ಇಟ್ಟುಕೊಂಡವರಾಗಿರಬಹುದಾದ್ದರಿಂದ, ಹೊರರಾಜ್ಯದ ಹುಡುಗಿಯ ಮಾತನ್ನು ಅವರ ಬಾಯಿಂದ ಕೇಳುವುದಿಲ್ಲ. ಬೇರೆ ದುಭಾಷಿಯನ್ನು ಕರೆಸುತ್ತೇನೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ದೌರ್ಜನ್ಯದ ಸಂಗತಿಯನ್ನು ನಾನು ವರದಿ ಮಾಡಲೇಬೇಕು ಎಂಬುದನ್ನು ಆಕೆ ಬಾಯಿಬಿಡುವ ಮೊದಲೇ ತಿಳಿಸುತ್ತೇನೆ. ಗುಟ್ಟಾಗಿಡುತ್ತೇನೆಂದು ನಂಬಿಸಿ ಆಮೇಲೆ ಮಾತು ತಪ್ಪುವುದು ಆಕೆ ಈಗಾಗಲೇ ಕಂಡಿರುವ ಮೋಸದ ಮುಂದುವರಿಕೆಯಾಗುತ್ತದೆ.

"ನೋವು ಗೊತ್ತಾಗದಿರಲಿ, ನಿದ್ದೆ ಬರಲಿ ಅಂತ ಯಾರಾದರೂ ಏನಾದರೂ ಕೊಡ್ತಿದ್ರಾಮ್ಮಾ?" ಎಂದು ಕೇಳಿದರೆ ಉತ್ತರ ಬರುತ್ತದೆ. "ನೀನು ಕುಡಿಯುತ್ತೀಯಾ?" ಎಂದರೆ ತಲೆ ತಗ್ಗುತ್ತದೆ. ಮಗುವಿಗೆ ಮದ್ಯ ಅಥವಾ ಮಾದಕ ವಸ್ತು ಕೊಡುವುದು ಬಾಲನ್ಯಾಯ ಕಾಯ್ದೆ, 2015ರ 77ನೇ ಕಲಮಿನಡಿ ಏಳು ವರ್ಷಗಳವರೆಗಿನ ಕಠಿಣ ಸಜೆಗೆ ಅರ್ಹವಾದ ಅಪರಾಧ. ಹಾಗಾಗಿ ಕಡತದಲ್ಲಿ 'ವ್ಯಸನಿ' ಎಂದು ಬರೆಯದೆ, ಯಾರು, ಏನು, ಯಾವಾಗ ಕೊಟ್ಟರು ಎಂಬುದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ. ಮೂತ್ರ ಪರೀಕ್ಷೆಯೊಂದನ್ನೇ ನಂಬುವಂತಿಲ್ಲ. ನಶೆಗಾಗಿ ಸಲ್ಯೂಷನ್ (ಪಂಕ್ಚರ್ ಹಾಕುವ ಅಂಟು) ಮೂಸಿದ್ದು ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ನನಗೆ ಅತ್ಯಂತ ಆತಂಕ ತರುವುದು ಜಾಲದಿಂದ ಬಿಡಿಸಿದ ನಂತರದ ಮೊದಲ ಕೆಲವು ದಿನಗಳು. ದಿನವೂ ಮದ್ಯ ಕುಡಿಯುತ್ತಿದ್ದ ದೇಹಕ್ಕೆ ಅದು ಒಮ್ಮೆಲೇ ನಿಂತಾಗ ಮೊದಲ ಎರಡು ದಿನಗಳೊಳಗೇ ಫಿಟ್ಸ್ ಬರಬಹುದು, ಆಮೇಲೆ ಭ್ರಮೆ, ನಡುಕ, ಬೆವರು ಹೆಚ್ಚಬಹುದು. ಆಲ್ಪ್ರಜೋಲಾಂನಂಥ ನಿದ್ದೆ ಮಾತ್ರೆ ನಿಂತಾಗಲೂ ಫಿಟ್ಸ್‌ನ ಅಪಾಯವಿದೆ. ಬಾಲಮಂದಿರದಲ್ಲಿ ಇದನ್ನು ಹಠವೆಂದೋ ಓಡಿಹೋಗುವ ಸಂಚೆಂದೋ ತಿಳಿದು ಕೋಣೆಯೊಳಗೆ ಕೂಡಿಹಾಕಿದರೆ ಜೀವಕ್ಕೇ ಸಂಚಕಾರ. ಆದ್ದರಿಂದ ಅಂಥವರನ್ನು ವಾರ್ಡಿನಲ್ಲೇ ಇರಿಸಿಕೊಳ್ಳುತ್ತೇನೆ. ಮದ್ಯದ ಹಿನ್ನೆಲೆಯಿದ್ದರೆ ಗ್ಲೂಕೋಸ್‌ಗಿಂತ ಮೊದಲು ಥಯಾಮಿನ್ (ಬಿ1 ಜೀವಸತ್ವ) ಕೊಡಿಸುತ್ತೇನೆ. ಮನೋವೈದ್ಯರ ಸಲಹೆಯಂತೆ ಫಿಟ್ಸ್ ತಡೆಯುವ ಡಯಾಜೆಪಾಂ ಆರಂಭಿಸಿ ನಿಧಾನವಾಗಿ ಇಳಿಸುತ್ತೇವೆ. ಸಲ್ಯೂಷನ್ ಮೂಸಿದವರಲ್ಲಿ ಪೊಟ್ಯಾಸಿಯಂ ಕುಸಿದು ಹೃದಯದ ಬಡಿತ ಹದಗೆಡಬಹುದಾದ್ದರಿಂದ ರಕ್ತ ಪರೀಕ್ಷೆ, ಇಸಿಜಿ ಎರಡನ್ನೂ ಮಾಡಿಸುತ್ತೇನೆ. ಈ ಸ್ಥಿತಿಯಲ್ಲಿ ಪೊಲೀಸರು ವಿವರವಾದ ಹೇಳಿಕೆ ಪಡೆಯಲು ಬಂದರೆ, ಆಕೆ ಇನ್ನೂ ಹೇಳಿಕೆ ಕೊಡುವ ಸ್ಥಿತಿಯಲ್ಲಿಲ್ಲ ಎಂದು ಲಿಖಿತವಾಗಿಯೇ ತಿಳಿಸುತ್ತೇನೆ.

ಬಿಡುಗಡೆಯ ಚೀಟಿಯ ಜೊತೆಗೆ ಬಾಲಮಂದಿರದ ಅಧೀಕ್ಷಕಿಗೆ ಕನ್ನಡದಲ್ಲೇ ಬರೆದ ಒಂದು ಪುಟವನ್ನೂ ಕಳಿಸುತ್ತೇನೆ: ಯಾವ ಲಕ್ಷಣ ಕಂಡರೆ ರಾತ್ರಿಯಾದರೂ ಕರೆತರಬೇಕು, ಯಾವ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಮುಂದಿನ ಭೇಟಿ ಯಾವ ದಿನ. ಆಕೆ ನಡುವೆ ಮತ್ತೆ ಸೇವಿಸಿದ್ದರೂ ಆ ಭೇಟಿ ರದ್ದಾಗುವುದಿಲ್ಲ ಎಂದು ಅದೇ ಪುಟದಲ್ಲಿ ಬರೆದಿರುತ್ತೇನೆ.