ಎಳನೀರು ಒಯ್ಯಬೇಡಿ: ಡಯಾಲಿಸಿಸ್ ಮನೆಗೆ ಸಭೆ ಆಸರೆಯಾಗುವ ಬಗೆ

ಚರ್ಚಿನ ಸಭೆಯಲ್ಲಿ ಯಾರಿಗೋ ಕಿಡ್ನಿ ಕೈಕೊಟ್ಟಿದೆ, ಡಯಾಲಿಸಿಸ್ ಶುರುವಾಗಿದೆ ಎಂಬ ಸುದ್ದಿ ಭಾನುವಾರದ ಆರಾಧನೆ ಮುಗಿಯುವಷ್ಟರಲ್ಲಿ ಎಲ್ಲರಿಗೂ ಮುಟ್ಟಿರುತ್ತದೆ. ಮೊದಲ ವಾರ ಆ ಮನೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಎರಡನೇ ವಾರ ಬರೀ ಫೋನು. ಮೂರನೇ ವಾರಕ್ಕೆ ಆ ಹೆಸರು ಪ್ರಾರ್ಥನೆಯ ಪಟ್ಟಿಯಲ್ಲಿ ಒಂದು ಸಾಲು, ಅಷ್ಟೆ. ಸಭೆಯವರಿಗೆ ಪ್ರೀತಿ ಇಲ್ಲವೆಂದಲ್ಲ, ದಾರಿ ಎಷ್ಟು ಉದ್ದ ಎಂಬ ಅಂದಾಜಿರುವುದಿಲ್ಲ. ಜ್ವರಕ್ಕೋ ಆಪರೇಷನ್ನಿಗೋ ಓಡಿಹೋಗಿ ರೂಢಿಯಾದವರು ನಾವು. ಇದು ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ತಿಂಗಳಿಗೆ 13 ಸಲ. ಬೇರೆ ಕಿಡ್ನಿಯ ಕಸಿ ಆಗದಿದ್ದರೆ ಜೀವ ಇರುವ ತನಕ.

ನಮ್ಮದು ಪೇಟೆಯೊಳಗಿನ ಕನ್ನಡ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಇಂಥ ಮನೆಗಳ ಜೊತೆ ನಡೆಯುತ್ತ ಕಟ್ಟಿಕೊಂಡ ಪದ್ಧತಿಯನ್ನು ಇಲ್ಲಿ ಬರೆದಿದ್ದೇನೆ. ಬೇರೆ ಸಭೆಯವರು ತಮ್ಮ ಅಳತೆಗೆ ಕತ್ತರಿಸಿ ಹೊಲಿದುಕೊಳ್ಳಬಹುದು.

ಮೊದಲು ಹೆಸರು ಹಿಡಿದು ಜನರನ್ನು ನೇಮಿಸಬೇಕು. ‘ಸಭೆ ನೋಡಿಕೊಳ್ಳುತ್ತದೆ’ ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ವಿಧವೆಯರ ಊಟದ ತಕರಾರು ಬಂದಾಗ ಪ್ರಾರ್ಥನೆ ಮಾಡಿ ಸುಮ್ಮನಾಗಲಿಲ್ಲ, ಏಳು ಮಂದಿಯನ್ನು ಆರಿಸಿದರು, ಅವರ ಹೆಸರೂ ಬರೆದಿಟ್ಟಿದ್ದಾರೆ. ನಮಗೆ ಇಬ್ಬರು ಸಾಕು: ಸ್ತ್ರೀಯರ ಕೂಟದಿಂದ ಒಬ್ಬರು, ಯುವಕರಿಂದ ಒಬ್ಬರು. ಸಭಾಪಾಲಕರು ಬೇಡ. ಅವರಿಗೆ ವರ್ಗವಾಗುತ್ತದೆ, ಪದ್ಧತಿಯೂ ಅವರ ಜೊತೆ ಲಾರಿ ಹತ್ತಿಬಿಡುತ್ತದೆ. ಈ ಇಬ್ಬರ ಕೈಯಲ್ಲಿ ನೂರು ಪುಟದ ಒಂದು ನೋಟ್‌ಬುಕ್. ಮೊದಲ ಭೇಟಿಯಲ್ಲೇ ಕೇಳಿ ಬರೆದುಕೊಳ್ಳುವುದು: ಯಾವ ದಿನಗಳು, ಯಾವ ಪಾಳಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಯಾವ ಕೈಯಲ್ಲಿದೆ, ದಿನಕ್ಕೆ ಎಷ್ಟು ನೀರು, ಡಯಟೀಷಿಯನ್ ಕೊಟ್ಟ ಚೀಟಿಯಲ್ಲಿ ಏನಿದೆ, ಯಾವ ಸಂಗತಿ ಸಭೆಗೆ ತಿಳಿಯುವುದು ಬೇಡ. ಕೊನೆಯದನ್ನು ಕೇಳಲು ಮರೆತರೆ ಮುಂದಿನದೆಲ್ಲ ಕೆಡುತ್ತದೆ.

ದಿನ ತಿಳಿದುಕೊಳ್ಳುವುದು ಯಾಕೆಂದರೆ, ಮಷೀನಿನಿಂದ ಎದ್ದು ಬಂದ ದಿನ ರೋಗಿಗೆ ಮಾತಾಡುವ ತ್ರಾಣವಿರುವುದಿಲ್ಲ. ಬಿ.ಪಿ. ಇಳಿದಿರುತ್ತದೆ, ತಲೆ ಸುತ್ತುತ್ತದೆ, ಮಲಗಿದರೆ ಸಾಕು ಎನಿಸುತ್ತದೆ. ಅವತ್ತು ಸಂಜೆ ಹತ್ತು ಜನ ಗೀತೆ ಪುಸ್ತಕ ಹಿಡಿದು ಹೋದರೆ ಅದು ಸಾಂತ್ವನವಲ್ಲ, ಶಿಕ್ಷೆ. ಮಾರನೆಯ ದಿನ ಬೆಳಿಗ್ಗೆ ಹತ್ತೂವರೆ, ಹನ್ನೊಂದರ ಹೊತ್ತು ಒಳ್ಳೆಯದು. ಮಂಗಳ-ಗುರು-ಶನಿ ಪಾಳಿಯವರಿಗೆ ಭಾನುವಾರ ಸಾಮಾನ್ಯವಾಗಿ ಹಗುರ. ಸೋಮ-ಬುಧ-ಶುಕ್ರದವರಿಗೆ ಭಾನುವಾರವೆಂದರೆ ಎರಡು ದಿನದ ಬಿಡುವಿನ ಕೊನೆ. ಮೈಯಲ್ಲಿ ನೀರು ತುಂಬಿ ಕಾಲು ಊದಿರುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ಅವರು ಆರಾಧನೆಗೆ ಬರಲಿಲ್ಲವೆಂದರೆ ಭಕ್ತಿ ತಣ್ಣಗಾಯಿತು ಎಂದು ಯಾರೂ ಎಣಿಸಬಾರದು.

ಕೈ ಹಿಡಿದು ಪ್ರಾರ್ಥಿಸುವುದು ನಮ್ಮ ರೂಢಿ. ಫಿಸ್ಟುಲಾ ಇರುವ ಕೈಯನ್ನು ಮಾತ್ರ ಹಿಡಿಯಬಾರದು. ರಕ್ತನಾಳ ಎರಡನ್ನು ಜೋಡಿಸಿ ಮಾಡಿದ ದಾರಿ ಅದು. ಮೆಲ್ಲಗೆ ಬೆರಳಿಟ್ಟರೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತದೆ. ಬಿಗಿಯಾಗಿ ಅದುಮಿದರೆ, ಭಾರ ಹಾಕಿದರೆ, ಬಿಗಿ ಬಳೆ ತೊಟ್ಟರೆ ಒಳಗೆ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಬಹುದು. ಮುಚ್ಚಿದರೆ ಮತ್ತೆ ಆಪರೇಷನ್, ಅಲ್ಲಿಯವರೆಗೆ ಕುತ್ತಿಗೆಯಲ್ಲಿ ಟ್ಯೂಬು. ಭಾವಾವೇಶದಲ್ಲಿ ಪ್ರಾರ್ಥಿಸುವವರ ಹಿಡಿತ ಎಷ್ಟು ಬಿಗಿ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ನೇಮಕವಾದವರು ಮೊದಲೇ ಆ ಕೈಯ ಕಡೆ ಹೋಗಿ ಕುಳಿತುಬಿಡುತ್ತಾರೆ.

ಇನ್ನು ಊಟ. ಹೆಚ್ಚು ತಪ್ಪಾಗುವುದು ಇಲ್ಲೇ. ರೋಗಿಯನ್ನು ನೋಡಲು ಹೊರಟ ಕನ್ನಡಿಗನ ಕೈ ತಾನಾಗಿ ಎಳನೀರು, ಬಾಳೆಹಣ್ಣು, ಮೂಸಂಬಿಯ ಕಡೆ ಹೋಗುತ್ತದೆ. ಮೂರರಲ್ಲೂ ಪೊಟ್ಯಾಸಿಯಂ ಇದೆ, ಎಳನೀರಿನಲ್ಲಂತೂ ಧಾರಾಳ. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಹುದು. ಕಮರಾಕ್ಷಿ ಹಣ್ಣಂತೂ ಕಿಡ್ನಿ ಸೋತವರಿಗೆ ವಿಷವೇ, ಮಿದುಳಿಗೆ ಏರುತ್ತದೆ. ಉಪ್ಪು ಕಡಿಮೆ ತಿನ್ನಲಿ ಎಂದು ಕೆಲವರು ‘ಲೋ ಸೋಡಿಯಂ’ ಪ್ಯಾಕೆಟ್ ತಂದುಕೊಡುತ್ತಾರೆ. ಅದರಲ್ಲಿ ಸೋಡಿಯಂ ಬದಲು ಸೇರಿಸುವುದು ಪೊಟ್ಯಾಸಿಯಂ ಕ್ಲೋರೈಡನ್ನೇ. ಬರಿಗೈಯಲ್ಲಿ ಹೋಗಲು ಮನಸ್ಸಾಗದವರಿಗೆ ನಾವು ಹೇಳುವುದು: ಮೊಟ್ಟೆ ಒಯ್ಯಿರಿ. ಡಯಾಲಿಸಿಸ್ ಶುರುವಾದ ಮೇಲೆ ಪ್ರೋಟೀನ್ ಹೆಚ್ಚೇ ಬೇಕು, ಮೊಟ್ಟೆಯ ಬಿಳಿ ಅವರಿಗೆ ಔಷಧಿಯಿದ್ದ ಹಾಗೆ. ‘ಪಾಪ, ಪೇಷಂಟು’ ಎಂದು ಬರೀ ಗಂಜಿ ಕೊಟ್ಟರೆ ಮೈ ಸೊರಗುತ್ತದೆ.

ಸರದಿ ಊಟಕ್ಕೆ 12 ಮನೆಗಳು. ಡಯಾಲಿಸಿಸ್ ಇರುವ ದಿನ ರಾತ್ರಿಯ ಊಟ ಮಾತ್ರ ಕಳಿಸುತ್ತೇವೆ. ವಾರಕ್ಕೆ ಮೂರು ಊಟ, ಒಂದೊಂದು ಮನೆಗೆ ನಾಲ್ಕು ವಾರಕ್ಕೊಮ್ಮೆ ಸರದಿ. ದಿನಾ ಕಳಿಸುತ್ತೇವೆ ಎಂದು ಹೊರಟ ಸಭೆಗಳು ತಿಂಗಳೊಳಗೆ ಕೈಚೆಲ್ಲುತ್ತವೆ. ತರಕಾರಿಯ ಸಿಪ್ಪೆ ತೆಗೆದು ತೆಳ್ಳಗೆ ಹೆಚ್ಚಿ, ಬೆಚ್ಚಗಿನ ನೀರಲ್ಲಿ ಎರಡು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರು ಜಾಸ್ತಿ ಹಾಕಿ ಬೇಯಿಸಿ, ಅದನ್ನೂ ಬಸಿಯಬೇಕು. ನಮ್ಮ ಬಸ್ಸಾರಿಗೆ ಇದು ತದ್ವಿರುದ್ಧ: ಬಸಿದ ಆ ರುಚಿಯ ನೀರಲ್ಲೇ ಪೊಟ್ಯಾಸಿಯಂ ಇರುವುದು. ಒಳ್ಳೆಯ ಅಡುಗೆಯವರಿಗೆ ಅದನ್ನು ಸಿಂಕಿಗೆ ಸುರಿಯಲು ಕೈ ಬರುವುದಿಲ್ಲ, ಹೇಳಿ ಹೇಳಿ ಸುರಿಸಬೇಕು. ಉಪ್ಪು ಅರ್ಧ, ಉಪ್ಪಿನಕಾಯಿ, ಹಪ್ಪಳ, ಒಣಮೀನು ಬೇಡ. ಮಕ್ಕಳಿಗೆ, ಮನೆಯ ಉಳಿದವರಿಗೆ ಸಾಮಾನ್ಯ ಸಾರು ಬೇರೆ ಡಬ್ಬಿಯಲ್ಲಿ. ಇಲ್ಲದಿದ್ದರೆ ಇಡೀ ಮನೆ ಸಪ್ಪೆ ಉಣ್ಣುತ್ತದೆ. ಡಬ್ಬಿಗಳು ಸಭೆಯವೇ ಆಗಿರಲಿ, ಮಾರನೆಯ ದಿನ ನಾವೇ ಹೋಗಿ ತರುತ್ತೇವೆ. ಪಾತ್ರೆ ಖಾಲಿ ಮರಳಿಸಬಾರದು ಎಂಬುದು ನಮ್ಮವರ ಮರ್ಯಾದೆ. ಡಬ್ಬಿ ಅಲ್ಲೇ ಬಿಟ್ಟರೆ ಆ ತಾಯಿ ಅದಕ್ಕೆ ಏನು ತುಂಬಿಸಲಿ ಎಂದು ಚಿಂತೆಗೆ ಬೀಳುತ್ತಾಳೆ.

ಹೋದವರು ಅಲ್ಲಿ ಚಹಾ ಕುಡಿಯುವಂತಿಲ್ಲ. ಕೇಳಲು ಒರಟು ಎನಿಸಬಹುದು. ಮೂತ್ರ ನಿಂತವರಿಗೆ ದಿನಕ್ಕೆ ಅರ್ಧದಿಂದ ಒಂದು ಲೀಟರ್ ಒಳಗೇ ಎಲ್ಲ ದ್ರವ ಮುಗಿಯಬೇಕು. ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲವೂ ಅದರಲ್ಲಿ ಲೆಕ್ಕ. ಬಂದವರ ಜೊತೆ ಒಂದು ಗುಟುಕು ಕುಡಿಯದಿದ್ದರೆ ಅವರಿಗೆ ಸಂಕೋಚ. ಐದು ಜನ ಐದು ಹೊತ್ತಲ್ಲಿ ಬಂದರೆ ಅರ್ಧ ಪಾಲು ಅಲ್ಲೇ ಮುಗಿಯಿತು. ಬಾಯಾರಿದವರ ಎದುರು ಕುಳಿತು ಲೋಟ ಹೀರುವುದು ಇನ್ನೂ ಕೆಟ್ಟದ್ದು.

ಹಣದ ವಿಷಯ. ‘ವಿಶೇಷ ಕಾಣಿಕೆ’ ಎಂದು ಒಂದು ಭಾನುವಾರ ಘೋಷಿಸಿದರೆ ಒಮ್ಮೆಗೆ ದೊಡ್ಡ ಮೊತ್ತ ಬರುತ್ತದೆ, ಆಮೇಲೆ ಸೊನ್ನೆ. ಬದಲಾಗಿ 24 ಮನೆಗಳು ತಿಂಗಳಿಗೆ 200 ರೂಪಾಯಿಯಂತೆ ಲಕೋಟೆಯಲ್ಲಿ ಹಾಕಿದರೆ 4,800. ಹೋಗಿಬರುವ ಆಟೋಗೆ 300ರಂತೆ 13 ಸಲಕ್ಕೆ 3,900. ಉಳಿದ 900ನ್ನು ತುರ್ತಿಗೆಂದು ಕೂಡಿಡುತ್ತೇವೆ. ಆಟೋದವರಿಗೆ ನೇರವಾಗಿ ಕೊಟ್ಟು ರಸೀದಿ ಫೈಲಿಗೆ ಸೇರಿಸುತ್ತೇವೆ. ಯಾರಿಗೆ ಎಷ್ಟು ಕೊಟ್ಟೆವು ಎಂಬುದು ಕೋಶಾಧಿಕಾರಿಗೂ ನೇಮಕವಾದ ಇಬ್ಬರಿಗೂ ಮಾತ್ರ ಗೊತ್ತು. ವಾರ್ಷಿಕ ವರದಿಯಲ್ಲಿ ಮೊತ್ತ ಬರುತ್ತದೆ, ಹೆಸರು ಬರುವುದಿಲ್ಲ. ಸ್ತ್ರೀಯರ ಕೂಟದ ಹಿಡಿ ಅಕ್ಕಿಯ ಡಬ್ಬದಿಂದ ಹೋಗುವುದಕ್ಕೂ ಇದೇ ನಿಯಮ.

ಚಿಕಿತ್ಸೆಯ ಖರ್ಚನ್ನೇ ಸಭೆ ಹೊರಲು ಹೋಗಬಾರದು, ಮುರಿದು ಬೀಳುತ್ತದೆ. 2016ರಲ್ಲಿ ಕೇಂದ್ರ ಸರ್ಕಾರ ಘೋಷಿಸಿದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಡಿ ಬಿ.ಪಿ.ಎಲ್. ಕುಟುಂಬದವರಿಗೆ ಜಿಲ್ಲಾಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ತೊಡಕು ಬರುವುದು ಹೆಸರಿನಲ್ಲಿ. ನಮ್ಮವರ ದೀಕ್ಷಾಸ್ನಾನದ ಹೆಸರು ಒಂದು, ರೇಷನ್ ಕಾರ್ಡಿನಲ್ಲಿ ಮನೆಮಾತಿನ ಹೆಸರು, ಆಧಾರ್‌ನಲ್ಲಿ ಮೂರನೆಯದೇ ಸ್ಪೆಲ್ಲಿಂಗು. ಸಭೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರೋ ಗುಮಾಸ್ತರೋ ಇರುತ್ತಾರಲ್ಲ, ಅವರಿಗೆ ಈ ಕೆಲಸ ಒಪ್ಪಿಸಿ. ಬೆಡ್ಡಿನ ಪಕ್ಕ ಅಳುವವರಿಗಿಂತ ಕೌಂಟರಿನ ಮುಂದೆ ನಿಲ್ಲುವವರು ಹೆಚ್ಚು ಉಪಕಾರಿ.

ಯುವಕರು ಉತ್ಸಾಹದಿಂದ ರಕ್ತ ಕೊಡಲು ಸಾಲು ನಿಲ್ಲುತ್ತಾರೆ. ಕಸಿಯ ಆಸೆ ಇರುವವರಿಗೆ ವೈದ್ಯರು ಆದಷ್ಟು ರಕ್ತ ಏರಿಸುವುದಿಲ್ಲ. ಬೇರೆಯವರ ರಕ್ತದಿಂದ ಮೈಯಲ್ಲಿ ಪ್ರತಿಕಾಯಗಳು (ಆ್ಯಂಟಿಬಾಡಿ) ಹುಟ್ಟಿದರೆ ಮುಂದೆ ಹೊಂದಿಕೆಯಾಗುವ ಕಿಡ್ನಿ ಸಿಗುವುದು ಕಷ್ಟ. ಕಿಡ್ನಿ ಬೇಕೆಂದು ವೇದಿಕೆಯಿಂದ ಪ್ರಕಟಣೆ ಮಾಡುವುದೂ ಸಲ್ಲದು. 1994ರ ಅಂಗಾಂಗ ಕಸಿ ಕಾನೂನಿನ ಪ್ರಕಾರ ಹತ್ತಿರದ ಬಂಧುವಲ್ಲದವರು ಕೊಡಬೇಕಾದರೆ ಅಧಿಕೃತ ಸಮಿತಿಯ ಒಪ್ಪಿಗೆ ಬೇಕು. ಆಸ್ಪತ್ರೆಯ ಮೂಲಕ, ರಾಜ್ಯದ ಅಂಗಾಂಗ ದಾನ ನೋಡಿಕೊಳ್ಳುವ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಗೆ ಹೆಸರು ಸೇರಿದೆಯೇ ಎಂದು ವಿಚಾರಿಸುವುದು ನಾವು ಮಾಡಬಹುದಾದ ಕೆಲಸ.

ರೋಗಿಗಿಂತ ಮೊದಲು ಕುಸಿಯುವವರು ಜೊತೆಗಿರುವವರು. ಪ್ರಯಾಣ, ಕಾಯುವುದು, ಸೂಜಿ ತೆಗೆದ ಮೇಲೆ ರಕ್ತ ನಿಲ್ಲುವ ತನಕ ಅದುಮಿ ಹಿಡಿಯುವುದು ಎಲ್ಲ ಸೇರಿ ಆರು ತಾಸು, ವಾರಕ್ಕೆ ಮೂರು ಸಲ. ಒಂದು ಸಲಕ್ಕಾದರೂ ಸಭೆಯ ಇನ್ನೊಬ್ಬರು ಹೋದರೆ ಆ ಹೆಂಡತಿಗೆ ನಿದ್ದೆ ಮಾಡಲೋ ಬ್ಯಾಂಕಿಗೆ ಹೋಗಲೋ ಒಂದು ಹಗಲು ಸಿಗುತ್ತದೆ. ಗಾಯನವೃಂದದಲ್ಲಿ ಹಾಡುತ್ತಿದ್ದವರಾದರೆ ಅವರ ಜಾಗ ಹಾಗೇ ಇಡಿ. ‘ನಿಮಗೆ ಕಷ್ಟ, ಬಿಡಿ’ ಎಂದು ಹೆಸರು ತೆಗೆದುಬಿಡುವುದು ಕರುಣೆಯಂತೆ ಕಾಣುತ್ತದೆ, ಅಲ್ಲ.

ಮಾತಿನ ಬಗ್ಗೆ ಒಂದೇ ಕಟ್ಟುನಿಟ್ಟು: ‘ನಂಬಿಕೆ ಇದ್ದರೆ ಮಷೀನು ಬಿಟ್ಟುಬಿಡಿ’ ಎಂದು ಯಾರೂ ಹೇಳಕೂಡದು, ಎಷ್ಟೇ ದೊಡ್ಡ ಪ್ರಸಂಗಿಯಾಗಲಿ. ಕಿಡ್ನಿ ಪೂರ್ತಿ ನಿಂತವರು ಡಯಾಲಿಸಿಸ್ ಬಿಟ್ಟರೆ ಬಹಳ ಮಟ್ಟಿಗೆ ವಾರ, ಎರಡು ವಾರದ ಮಾತು. ಯಾಕೋಬನ ಪತ್ರಿಕೆ ಹೇಳುವಂತೆ ಹಿರಿಯರನ್ನು ಕರೆಸಿ ಎಣ್ಣೆ ಹಚ್ಚಿ ಪ್ರಾರ್ಥಿಸುತ್ತೇವೆ, ಮಾರನೆಯ ದಿನ ಆಟೋವನ್ನೂ ಕಳಿಸುತ್ತೇವೆ. ಓದುವುದಕ್ಕೆ 13ನೇ ಕೀರ್ತನೆ ಒಳ್ಳೆಯದು. ಎಷ್ಟರವರೆಗೆ, ಎಷ್ಟರವರೆಗೆ ಎಂದು ನಾಲ್ಕು ಸಲ ದೇವರನ್ನೇ ಕೇಳುತ್ತದೆ. ಆರೇ ವಚನ. ಭೇಟಿ ಇಪ್ಪತ್ತು ನಿಮಿಷ ಮೀರದಿರಲಿ. ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಲ್ಲಿ ಉಪವಾಸ ಮಾಡಲೇ ಎಂದು ಕೇಳಿದರೆ ಬೇಡ ಎಂದು ಸಭಾಪಾಲಕರ ಬಾಯಿಂದಲೇ ಹೇಳಿಸಿ, ನಾವು ಹೇಳಿದರೆ ಕೇಳುವುದಿಲ್ಲ. ವಾಟ್ಸಾಪ್ ಗುಂಪಿಗೆ ಫೋಟೊ, ರಕ್ತಪರೀಕ್ಷೆಯ ಕ್ರಿಯಾಟಿನಿನ್ ಅಂಕಿ, ನಾಟಿ ಔಷಧಿ ಯಾವುದೂ ಬೇಡ.

ಮನೆಯಲ್ಲಿ ಕರ್ತನ ಭೋಜನ ಕೊಡುವಾಗ ರೊಟ್ಟಿಯನ್ನು ಪಾತ್ರೆಯಲ್ಲಿ ಅದ್ದಿ ಕೊಟ್ಟರೆ ಸಾಕು, ದ್ರವದ ಲೆಕ್ಕಕ್ಕೆ ಬರುವುದಿಲ್ಲ. ಸಭೆಗೇ ಬರುವ ಭಾನುವಾರಕ್ಕೆ ಹಿಂದಿನ ಬಾಗಿಲ ಪಕ್ಕ, ಫ್ಯಾನಿನ ಕೆಳಗೆ, ಬೆನ್ನಿಗೆ ಆಧಾರವಿರುವ ಒಂದು ಕುರ್ಚಿ ಇಡುತ್ತೇವೆ. ‘ಎದ್ದು ನಿಲ್ಲೋಣ’ ಎಂದಾಗ ಒಬ್ಬರೇ ಕುಳಿತಿರುವುದು ಮುಜುಗರ, ನಿಂತರೆ ತಲೆ ಸುತ್ತು. ಆದ್ದರಿಂದ ಆ ಸಾಲಿನಲ್ಲಿ ಅವರ ಅಕ್ಕಪಕ್ಕದ ಇಬ್ಬರೂ ಕುಳಿತೇ ಹಾಡುತ್ತಾರೆ.