ಮಕ್ಕಳಿರುವ ಮನೆಗೆ ನಾಯಿ: ನಾವು ಆರಿಸಿದ ಬಗೆ
ಆಶ್ರಯಧಾಮದಿಂದ ನಾಯಿಯೊಂದನ್ನು ದತ್ತು ತರುವುದೆಂದು ನಿರ್ಧರಿಸಿದಾಗ ಮಗನಿಗೆ 9 ವರ್ಷ, ಮಗಳಿಗೆ 5. ಮೊದಲ ಭೇಟಿಗೆ ಇಬ್ಬರನ್ನೂ ಕರೆದುಕೊಂಡು ಹೋಗಲಿಲ್ಲ. ಹೋಗಿದ್ದರೆ ಮೊದಲು ಕಂಡ ಮರಿಯನ್ನೇ ಅಪ್ಪಿಕೊಳ್ಳುತ್ತಿದ್ದರು, ನಾನೂ ಕರಗಿಬಿಡುತ್ತಿದ್ದೆ.

ಮರಿ ಬೇಡವೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಹಲ್ಲು ಬದಲಾಗುವ 4ರಿಂದ 6 ತಿಂಗಳ ವಯಸ್ಸಿನಲ್ಲಿ ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಪುಟ್ಟ ಮಗು ಕಿರುಚಿ ಓಡಿದರೆ ಅದನ್ನೂ ಆಟವೆಂದುಕೊಂಡು ಬೆನ್ನಟ್ಟುತ್ತದೆ. ಎರಡು ವರ್ಷ ದಾಟಿದ ನಾಯಿಯ ಗಾತ್ರವೂ ಸ್ವಭಾವವೂ ಬಹುಮಟ್ಟಿಗೆ ನೆಲೆಗೊಂಡಿರುತ್ತವೆ.

ಗೂಡಿನೊಳಗಿರುವ ನಾಯಿಯನ್ನು ನೋಡಿ ಏನನ್ನೂ ತೀರ್ಮಾನಿಸಲಾಗದು. ಅಲ್ಲಿ ಬೊಗಳುವುದು ಹೊರಗೆ ಶಾಂತವಾಗಿರಬಹುದು. ತೆಪ್ಪಗೆ ಮಲಗಿರುವುದು ಭಯದಿಂದ ಮುದುಡಿರಬಹುದು. ಒಂದೊಂದನ್ನೇ ಅಂಗಳಕ್ಕೆ ಕರೆತರಲು ಕೇಳಿಕೊಂಡೆ. ತುಸು ದೂರದಲ್ಲಿ ನಿಂತು ಬೀಗದ ಕೈಗಳ ಗೊಂಚಲನ್ನು ನೆಲಕ್ಕೆ ಬೀಳಿಸಿದೆ. ಎಲ್ಲ ನಾಯಿಗಳೂ ಬೆಚ್ಚಿದವು. ನಾನು ಕಾದದ್ದು ಅದರ ಮುಂದಿನ ಕ್ಷಣಗಳಿಗೆ. ಒಂದು ನಾಯಿ ಬಹಳ ಹೊತ್ತು ನಡುಗುತ್ತಲೇ ಇತ್ತು, ಕೊಟ್ಟ ತಿನಿಸನ್ನೂ ಮುಟ್ಟಲಿಲ್ಲ. ಪಾಪ, ಅದಕ್ಕೆ ಸದ್ದಿಲ್ಲದ ಮನೆ ಬೇಕು. ಸುಮಾರು ಮೂರು ವರ್ಷದ ಕಂದು ಬಣ್ಣದ ಹೆಣ್ಣುನಾಯಿ ಮಾತ್ರ ಹಿಂದಕ್ಕೆ ಜಿಗಿದು, ದಿಟ್ಟಿಸಿ, ಆಮೇಲೆ ತಾನಾಗಿ ಬಂದು ಗೊಂಚಲನ್ನು ಮೂಸಿತು. ದಿನಕ್ಕೆ ಹತ್ತು ಸಲ ಏನಾದರೂ ಬೀಳುವ ನಮ್ಮಂಥ ಮನೆಗೆ ಈ ಚೇತರಿಕೆ ತಳಿಗಿಂತ, ಚೆಲುವಿಗಿಂತ ಮುಖ್ಯ.

ಬಳಿಕ ಅದರ ಎದೆಯನ್ನು ಮೂರು ಸೆಕೆಂಡು ಸವರಿ ಕೈ ಹಿಂತೆಗೆದೆ. ಮೂತಿಯಿಂದ ಕೈಯನ್ನು ತಳ್ಳಿ ಮತ್ತೆ ಕೇಳಿತು. ಮುಖ ತಿರುಗಿಸಿದರೆ, ತುಟಿ ನೆಕ್ಕಿಕೊಂಡರೆ, ನಿದ್ದೆಯಿಲ್ಲದೆ ಆಕಳಿಸಿದರೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿದರೆ ‘ಸಾಕು, ಬಿಡು’ ಎಂದೇ ಅರ್ಥ. ಬಾಲ ಆಡಿಸುವುದೊಂದನ್ನೇ ನಂಬಬಾರದು. ಮೈ ಬಿಗಿಹಿಡಿದು ಆಡಿಸುವ ಬಾಲ ಸಂತೋಷದ್ದಲ್ಲ.

ಅದನ್ನು ಕೆಲವು ವಾರ ಮನೆಯಲ್ಲಿಟ್ಟುಕೊಂಡಿದ್ದವರನ್ನು ವಿಚಾರಿಸಿದೆ: ಊಟದ ಬಟ್ಟಲಿನ ಹತ್ತಿರ ಹೋದರೆ ಗುರುಗುಟ್ಟುತ್ತದೆಯೇ? ಮಕ್ಕಳೊಂದಿಗೆ ಇದ್ದು ಅಭ್ಯಾಸವಿದೆಯೇ? ಅವರ ಉತ್ತರ ನನ್ನ ಪರೀಕ್ಷೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು.

ಎರಡನೆಯ ಭೇಟಿಯಲ್ಲಿ ಮಕ್ಕಳು ನೆಲದ ಮೇಲೆ ಕುಳಿತರು. ಕೈ ಚಾಚಬಾರದು, ಅದೇ ಬರಲಿ ಎಂದಿದ್ದೆ. ಹತ್ತು ನಿಮಿಷಕ್ಕೆ ಮಗಳು ಕುಣಿಯತೊಡಗಿದಳು. ನಾಯಿ ಎದ್ದು ದೂರ ಹೋಗಿ ಮಲಗಿತು, ಗಲಾಟೆ ತಗ್ಗಿದ ಮೇಲೆ ತಾನೇ ಮರಳಿತು. ಸಾಕೆನಿಸಿದಾಗ ಎದ್ದು ಹೋಗಲು ಬಲ್ಲ ನಾಯಿ! ಅಲ್ಲಿಗೆ ನನ್ನ ಹುಡುಕಾಟ ಮುಗಿಯಿತು.

ಲಸಿಕೆಯ ದಾಖಲೆಗಳನ್ನು ಪಶುವೈದ್ಯರಿಗೆ ತೋರಿಸಿ, ಜಂತುಹುಳುವಿನ ಔಷಧಿ ಹಾಕಿಸಿ ಮನೆಗೆ ತಂದೆವು. ಮೊದಲ ಮೂರು ದಿನ ಮಂಚದ ಕೆಳಗೇ ಇತ್ತು. ಪೂರ್ತಿ ಒಗ್ಗಿಕೊಳ್ಳಲು ಮೂರು ತಿಂಗಳೇ ಬೇಕಾದವು. ಉಣ್ಣುವಾಗ, ಮಲಗಿದಾಗ ಅದನ್ನು ಯಾರೂ ಮುಟ್ಟುವುದಿಲ್ಲ, ಎಂದೂ ತಬ್ಬಿಕೊಳ್ಳುವುದಿಲ್ಲ. ಮಕ್ಕಳಿಗೆ ಹೆಚ್ಚಾಗಿ ಕಚ್ಚುವುದು ಪರಿಚಯದ ನಾಯಿಗಳೇ. ಹಾಗಾಗಿ ಎರಡು ವರ್ಷವಾದರೂ ಮಗಳೊಬ್ಬಳನ್ನೇ ಅದರ ಜೊತೆ ಬಿಟ್ಟು ನಾನು ಆಚೆ ಹೋಗುವುದಿಲ್ಲ.